ಒದ್ದೆ ಟ್ಯೂಬಿಗೆ ಪ್ಯಾಚ್

ಗಾಳಿಯಮ್ಮ ರಕ್ತ ಕಾರಿಕೊಂಡಿದ್ದು ಪಂಕ್ಚರ್ ನೋಡುವ ನೀರಿನ ತೊಟ್ಟಿಗೆ. ಮೊಪೆಡ್ಡಿನ ಟ್ಯೂಬನ್ನು ನೀರಲ್ಲಿ ಅದ್ದಿ, ಗುಳ್ಳೆ ಎಲ್ಲಿ ಏಳುತ್ತದೆ ಎಂದು ಬಗ್ಗಿ ನೋಡುತ್ತಿದ್ದವಳು ‘ಹೂಂ’ ಎಂದಳು, ಅಷ್ಟೆ. ತೊಟ್ಟಿಯ ನೀರೆಲ್ಲ ಕೆಂಪಾಯಿತು. ಇಡೀ ಬೀದಿಯ ರಕ್ತ ಇವಳೊಬ್ಬಳ ಹೊಟ್ಟೆಯಲ್ಲೇ ಇತ್ತೇನೋ ಎನ್ನುವಷ್ಟು. ಮೊಪೆಡ್ಡಿನವನು ಗಾಡಿ, ಟ್ಯೂಬು, ಚಪ್ಪಲಿ ಎಲ್ಲ ಬಿಟ್ಟು ಎದುರಿನ ಇಸ್ತ್ರಿ ಅಂಗಡಿಯ ಮೆಟ್ಟಿಲು ಹತ್ತಿ ನಿಂತ.

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಉರುಳುತ್ತಿದ್ದರು. ಗಾಳಿಯಮ್ಮ ಬಾಯಿ ಒರೆಸಿಕೊಂಡು, ಪಕ್ಕದಲ್ಲಿ ಚಕ್ರ ಬಿಚ್ಚುತ್ತಿದ್ದ ಸೊಸೆಯ ಕಡೆ ಬೆರಳು ತೋರಿಸಿ, ಬೀದಿಯ ಆ ತುದಿಗೂ ಕೇಳುವ ಹಾಗೆ ಕೂಗಿದಳು.

“ಇವಳೇ! ಬೆಳಿಗ್ಗೆ ಟೀಲಿ ಏನೋ ಹಾಕಿ ಕೊಟ್ಟಿದ್ದಾಳೆ! ಎಲ್ಲಾರೂ ನೋಡ್ಕೊಳ್ರಿ, ನಾನು ಸತ್ರೆ ಇವಳೇ!”

ಆಮೇಲೆ ಉರುಳಿದಳು. ಹೇಳಬೇಕಾದ್ದನ್ನು ಹೇಳಿ ಮುಗಿಸದೆ ಬೀಳುವ ಪೈಕಿಯಲ್ಲ ಅದು.

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ಆ ಪಂಕ್ಚರ್ ಅಂಗಡಿಯಲ್ಲಿ ಮಾತ್ರ ಕಾಲವೆಲ್ಲ ಅತ್ತೆಯದೇ. ಸೊಸೆ ಮದುವೆಯಾಗಿ ಬಂದ ಮರುವಾರವೇ ಅವಳ ಕೈಗೆ ಉಪ್ಪುಕಾಗದ ಕೊಟ್ಟು ಟ್ಯೂಬಿನ ಮುಂದೆ ಕೂರಿಸಿದ್ದಳು ಗಾಳಿಯಮ್ಮ. ಅಂದಿನಿಂದ ಸೊಸೆ ಉಜ್ಜಿದ ಟ್ಯೂಬುಗಳನ್ನು ಒಂದಕ್ಕೊಂದು ಕಟ್ಟಿದರೆ ಭೂಮಿಗೆ ಎರಡು ಸುತ್ತು ಬಂದು ಗಂಟು ಹಾಕಲೂ ಸ್ವಲ್ಪ ಮಿಗುತ್ತಿತ್ತು. ಆದರೂ ಅಂಗಡಿಯ ಸ್ಟೂಲು ಅತ್ತೆಯದು, ಗಲ್ಲಾ ಅತ್ತೆಯದು, ಗಿರಾಕಿಯ ಮುಂದೆ ಬಯ್ಯುವ ಹಕ್ಕೂ ಅತ್ತೆಯದು. ಗಂಡ ಲಾರಿ ಓಡಿಸುವವನು. ತಾಯಿಗೂ ಹೆಂಡತಿಗೂ ನಡುವೆ ಸಿಕ್ಕಿಕೊಳ್ಳುವುದಕ್ಕಿಂತ ಎರಡು ಟ್ಯಾಂಕರ್ ನಡುವೆ ಸಿಕ್ಕಿಕೊಳ್ಳುವುದೇ ಸುಖ ಎಂದು ಹೆದ್ದಾರಿಯಲ್ಲೇ ಸಂಸಾರ ಮಾಡಿಕೊಂಡಿದ್ದ.

ಸೊಸೆ ಒಂದು ಗೂಡ್ಸ್ ಆಟೋ ನಿಲ್ಲಿಸಿ, ಅತ್ತೆಯನ್ನು ಹಳೇ ಟೈರುಗಳ ನಡುವೆ ಮಲಗಿಸಿಕೊಂಡು ಆಸ್ಪತ್ರೆಗೆ ಹೊರಟಳು. ಆಟೋ ತಿರುಗುವಾಗ ಇಸ್ತ್ರಿಯವಳು ಓಡಿ ಬಂದು, ಕೆಂಡದ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ, ಕಿವಿಯ ಹತ್ತಿರ ಕೇಳಿದಳು.

“ನಿಜಾನೇನೇ?”

“ಏನು ನಿಜ?”

“ಅದೇ... ಟೀ.”

ಇಷ್ಟು ವರ್ಷದ ಗೆಳತಿ! ಅವಳೇ ಹೀಗೆ ಕೇಳಿದ ಮೇಲೆ ಉಳಿದವರ ಬಾಯಿಗೆ ಬೀಗ ಹಾಕುವವರು ಯಾರು? ಅತ್ತೆ ಸಾಯುತ್ತಾಳೆ ಎನ್ನುವುದಕ್ಕಿಂತ, ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳದೆ ಸತ್ತುಬಿಡುತ್ತಾಳೆ ಎನ್ನುವುದೇ ಸೊಸೆಗೆ ಭಯವಾಯಿತು. ಹೆಣಕ್ಕೆ ಬಾಯಿಲ್ಲ, ಬೀದಿಗೆ ಸಾವಿರ ಬಾಯಿ. ಆಟೋದಲ್ಲಿ ಅವಳು ಅತ್ತೆಯ ಕೆನ್ನೆ ತಟ್ಟುತ್ತಲೇ ಇದ್ದಳು.

“ಸಾಯ್ಬೇಡಿ ಅತ್ತೆ. ಈಗ ಸಾಯ್ಬೇಡಿ. ಹೇಳಿದ್ದನ್ನ ವಾಪಸ್ ತಗೊಂಡು ಆಮೇಲೆ ಬೇಕಾದ್ರೆ ಸಾಯಿರಿ.”

ಆಸ್ಪತ್ರೆಯಲ್ಲಿ ರಕ್ತ ಏರಿಸಿದರು, ಡ್ರಿಪ್ ಹಾಕಿದರು, ಸ್ಕ್ಯಾನ್ ಮಾಡಿದರು. ಗಾಳಿಯಮ್ಮನಿಗೆ ಬಣ್ಣ ಬರುವುದಕ್ಕಿಂತ ಮುಂಚೆ ಬಾಯಿ ಬಂತು. ಅಷ್ಟರಲ್ಲಿ ಅವಳ ಮಗಳೂ ಬಂದಳು. ಬಟ್ಟೆ ಹೊಲಿಯುವವಳು, ಕುತ್ತಿಗೆಗೆ ಅಳತೆಯ ಟೇಪು ನೇತುಹಾಕಿಕೊಂಡೇ ಬಂದಿದ್ದಳು. ಸೊಸೆ ಈ ನಾದಿನಿಗೆ ಮನಸ್ಸಿನಲ್ಲಿ ಇಟ್ಟ ಹೆಸರು ‘ಹಾರ್ನ್’. ಅತ್ತೆ ಒಮ್ಮೆ ಅಂದದ್ದನ್ನು ಇವಳು ಮೂರು ಸಲ ಅನ್ನುತ್ತಿದ್ದಳು, ಜೋರಾಗಿ.

“ಏನತ್ತಿಗೆ, ಏನು ಹಾಕ್ದೆ? ಈಗ್ಲೇ ಹೇಳ್ಬಿಡು. ಇಲಿ ಪಾಷಾಣಾನಾ, ಬ್ಯಾಟರಿ ನೀರಾ? ಡಾಕ್ಟರಿಗೂ ಔಷಧಿ ಕೊಡಕ್ಕೆ ಸುಲಭ ಆಗುತ್ತೆ.”

“ಟೀಪುಡಿ ಹಾಕ್ದೆ. ನಿಮ್ಮಮ್ಮ ಗಲ್ಲಾದಿಂದ ಕಾಸು ಬಿಚ್ಚಿದ್ರೆ ಇನ್ನೂ ಒಂದು ಚಮಚ ಹಾಕ್ತಿದ್ದೆ.”

ಡಾಕ್ಟರಮ್ಮ ಬಂದರು. ಸಣ್ಣ ಆಳು, ದೊಡ್ಡ ಕನ್ನಡಕ, ಗಂಟು ಮುಖ. ಈ ಮೂವರ ಜಗಳ ಪರದೆಯಾಚೆಯಿಂದ ಕೇಳಿಸಿಕೊಂಡೇ ಅವರ ಅರ್ಧ ತಾಳ್ಮೆ ಖರ್ಚಾಗಿತ್ತು.

“ವಿಷ ಅಲ್ಲ. ಲಿವರ್ ಗಟ್ಟಿಯಾಗಿದೆ,” ಎಂದರು.

“ಗಟ್ಟಿಯಿದ್ರೆ ಒಳ್ಳೇದಲ್ವೇನಮ್ಮಾ?” ಎಂದಳು ಗಾಳಿಯಮ್ಮ.

“ಅಲ್ಲ. ಹೊಟ್ಟೆ ಕಡೆಯ ರಕ್ತ ಎಲ್ಲಾ ಲಿವರ್ ಒಳಗಿಂದ ಹಾದು ಹೋಗ್ಬೇಕು. ಅದು ಕಲ್ಲಾದ್ರೆ ರಕ್ತಕ್ಕೆ ದಾರಿ ಇಲ್ಲ, ಹಿಂದಕ್ಕೆ ಒತ್ತುತ್ತೆ. ಹಾಗೆ ಒತ್ತಿ ಒತ್ತಿ ಜಠರದ ರಕ್ತನಾಳ ಊದ್ಕೊಂಡಿದೆ. ಅದೇ ಒಡೆದಿರೋದು.”

“ಲಿವರ್ ಹೋಗೋದು ಕುಡುಕರಿಗೆ! ನಮ್ಮಮ್ಮ ಸೋಡಾನೂ ಕುಡಿದೋರಲ್ಲ!” ಎಂದಳು ಹಾರ್ನ್.

“ಕುಡಿಯದೇ ಇರೋರಿಗೂ ಹೋಗುತ್ತಮ್ಮ. ಸಕ್ಕರೆ ಕಾಯಿಲೆ ಇದೆ, ಬೊಜ್ಜಿದೆ, ಔಷಧಿ ಮಾಡಿಲ್ಲ.” ಡಾಕ್ಟರಮ್ಮ ಗಾಳಿಯಮ್ಮನ ಕಡೆ ತಿರುಗಿದರು. “ಹೊರಕಡೆಗೆ ಹೋದಾಗ ಕಪ್ಪಗೆ ಹೋಗ್ತಿತ್ತಾ? ಡಾಂಬರಿನ ಥರ? ಒಳಗೆ ರಕ್ತ ಸೋರಿದ್ರೆ ಹಾಗಾಗುತ್ತೆ.”

ಗಾಳಿಯಮ್ಮ ಗೋಡೆ ನೋಡಿದಳು.

“ಅಮ್ಮ, ಕೇಳ್ತಿರೋದು ನಿಮ್ಮನ್ನೇ.”

“...ನಾಲ್ಕೈದು ದಿನದಿಂದ.”

ಸೊಸೆ ಎದ್ದು ನಿಂತಳು. “ಕೇಳಿಸ್ಕೊಂಡ್ಯಾ? ಟೀ ಕೊಟ್ಟಿದ್ದು ಇವತ್ತು ಬೆಳಿಗ್ಗೆ! ರಕ್ತ ಹೋಗ್ತಿರೋದು ನಾಲ್ಕೈದು ದಿನದಿಂದ!”

ಗಾಳಿಯಮ್ಮ ಕಣ್ಣು ಅರಳಿಸಿ ಮಗಳ ಕಡೆ ನೋಡಿದಳು. “ಅಯ್ಯೋ! ನಾಲ್ಕೈದು ದಿನದಿಂದ ಹಾಕ್ತಾ ಇದ್ದಾಳೆ ಕಣೇ!”

ಹಾರ್ನ್ ಎದೆ ಬಡಿದುಕೊಂಡಳು. ನರ್ಸು ಮುಖ ತಿರುಗಿಸಿಕೊಂಡು ನಕ್ಕಳು. ಸೊಸೆಗೆ ಮಾತ್ರ ನಗು ಬರಲಿಲ್ಲ. ಬಾಣಲೆಯಿಂದ ಬೆಂಕಿಗೆ ಬಿದ್ದಂತಾಗಿತ್ತು.

ಡಾಕ್ಟರಮ್ಮ ಬೆರಳಿನಿಂದ ಮೇಜು ಕುಟ್ಟಿ ಹೇಳಿದರು. ಈಗ ರಕ್ತ ನಿಂತಿರುವುದು ಔಷಧಿಯಿಂದ, ಅದು ಬಹಳ ಹೊತ್ತು ನಿಲ್ಲುವುದಿಲ್ಲ. ಬಾಯಿಂದ ಒಳಗೆ ಒಂದು ಟ್ಯೂಬು ಬಿಟ್ಟು, ಅದರ ತುದಿಯ ಕ್ಯಾಮರಾದಲ್ಲಿ ಜಾಗ ಹುಡುಕಿ, ಅಲ್ಲೇ ಮುಚ್ಚಬೇಕು. ಅನ್ನನಾಳದಲ್ಲಿ ಆಗಿದ್ದರೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟುತ್ತಿದ್ದರು. ಇದು ಜಠರದ ಒಳಗೆ, ಮೇಲಿನ ಮೂಲೆಯಲ್ಲಿ, ದಪ್ಪ ನಾಳ. ಅದಕ್ಕೆ ಬ್ಯಾಂಡ್ ನಿಲ್ಲುವುದಿಲ್ಲ.

“ಅದಕ್ಕೆ ಸೂಜಿ ಚುಚ್ಚಿ ಗಮ್ಮು ಹಾಕ್ತೀವಿ.”

“ಏನು ಹಾಕ್ತೀರಿ?” ಗಾಳಿಯಮ್ಮ ಮೊಣಕೈ ಊರಿ ಎದ್ದಳು.

“ಗಮ್ಮು. ಅಂಟು. ರಕ್ತನಾಳದ ಒಳಗೇ ಹಾಕಿ ಮುಚ್ಚೋದು.”

ಗಾಳಿಯಮ್ಮ ನಕ್ಕಳು. ಆ ನಗು ಗಿರಾಕಿಗಳಿಗೆಲ್ಲ ಗೊತ್ತು. ಬೇರೆ ಅಂಗಡಿಯಲ್ಲಿ ಹಾಕಿಸಿದ ಪ್ಯಾಚು ಕಿತ್ತುಬಂದು ತನ್ನ ಹತ್ತಿರ ತಂದಾಗ ನಗುವ ನಗು.

“ಒದ್ದೇಲಿ ಗಮ್ಮು ನಿಲ್ಲುತ್ತೇನಮ್ಮಾ ನನ್ನ ತಾಯಿ? ಟ್ಯೂಬು ಒರೆಸ್ಬೇಕು. ಉಜ್ಜಬೇಕು. ಸೊಲ್ಯೂಷನ್ ಹಚ್ಚಬೇಕು. ಊದಿ ಊದಿ ಒಣಗಿಸ್ಬೇಕು. ಆಮೇಲೆ ಪ್ಯಾಚು. ಒಂದು ಹನಿ ಬೆವರು ಬಿದ್ರೂ ಸಂಜೆಗೆ ಗಾಡಿ ವಾಪಸ್ಸು, ಗಿರಾಕಿ ಜೊತೆ ಅವನ ತಾಯಿ ತಂಗಿ ಎಲ್ಲಾರ ಬೈಗುಳಾನೂ ವಾಪಸ್ಸು. ನೀವು ಹರಿಯೋ ರಕ್ತಕ್ಕೆ ಹಚ್ತೀನಿ ಅಂತೀರಿ. ಯಾವ ಶಾಲೇಲಿ ಹೇಳ್ಕೊಟ್ರು?”

ಸೊಸೆಗೆ ಇಲ್ಲಿ ಬಿಸಿತುಪ್ಪ ಬಾಯಿಗೆ ಬಿದ್ದ ಹಾಗಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಒಳಗೆ ನೋಡಿದರೆ ವಿಷವಿಲ್ಲ ಎಂದು ಗೊತ್ತಾಗುತ್ತದೆ, ಅವಳ ಹೆಸರು ಉಳಿಯುತ್ತದೆ. ಆದರೆ ಇಷ್ಟು ವರ್ಷ ಟ್ಯೂಬು ಉಜ್ಜಿದ ಅವಳ ಕೈ ಕೂಡ ಅತ್ತೆಯ ಮಾತನ್ನೇ ಹೇಳುತ್ತಿತ್ತು. ಒದ್ದೆಗೆ ಪ್ಯಾಚು ನಿಲ್ಲುವುದಿಲ್ಲ. ಮದುವೆಯಾದಾಗಿನಿಂದ ಅತ್ತೆಯ ಜೊತೆ ಒಪ್ಪಿದ್ದು ಅದೇ ಮೊದಲು. ಅದೂ ಇಂಥ ಹೊತ್ತಿನಲ್ಲಿ!

ತಡೆಯಲಾರದೆ ಕೇಳಿದಳು. “ಮೇಡಂ, ಅದು ಒಣಗೋ ತನಕ ರಕ್ತಾನ ಹಿಡಿದು ನಿಲ್ಲಿಸೋದು ಹ್ಯಾಗೆ?”

“ಒಣಗೋದೇ ಬೇಡಮ್ಮ. ರಕ್ತ ತಾಗಿದ ಕೂಡ್ಲೇ ಅದು ಗಟ್ಟಿಯಾಗುತ್ತೆ. ಒದ್ದೆ ಇದ್ರೇನೇ ಅದಕ್ಕೆ ಕೆಲಸ. ಗಾಡಿ ಕನ್ನಡಿ ಒಡೆದ್ರೆ ಅಂಟಿಸ್ತೀರಲ್ಲ, ಚಿಕ್ಕ ಟ್ಯೂಬಿನ ಗಮ್ಮು, ಪಟ್ ಅಂತ ಹಿಡಿಯೋದು? ಅದರ ದಾಯಾದಿ ಅಂದ್ಕೊಳ್ಳಿ, ಆಸ್ಪತ್ರೆಗೆ ಅಂತ ಮಾಡಿರೋದು. ಅಪಾಯ ಇಲ್ಲ ಅನ್ನಲ್ಲ. ಒಂದು ಚೂರು ರಕ್ತದ ಜೊತೆ ಬೇರೆ ಕಡೆ ಹೋಗ್ಬಹುದು. ಆದ್ರೆ ಹಾಗೇ ಬಿಟ್ರೆ ಇವರು ಉಳಿಯಲ್ಲ.”

ಕನ್ನಡಿ ಗಮ್ಮು! ಸೊಸೆಯ ತಲೆಯಲ್ಲಿ ದೀಪ ಹತ್ತಿತು. ಹಿಂದೊಂದು ಬೇಸಿಗೆಯಲ್ಲಿ ಅತ್ತೆ ಬೆವರಿದ ಕೈಯಲ್ಲೇ ಆ ಗಮ್ಮು ಹಿಡಿದು ಯಾರದೋ ಸ್ಕೂಟರಿನ ಕನ್ನಡಿಗೆ ಮೂರು ಬೆರಳು ಅಂಟಿಸಿಕೊಂಡಿದ್ದಳು. ಸ್ಕೂಟರಿನವನು ಗಾಡಿಯನ್ನೂ ಗಾಳಿಯಮ್ಮನನ್ನೂ ಒಟ್ಟಿಗೆ ಮನೆಗೆ ಒಯ್ಯಬೇಕೇ ಎಂದು ಅಳು ಮೋರೆ ಮಾಡಿದ್ದ. ಬೀದಿಯ ನಾಯಿಗಳು ಸಹ ನಕ್ಕಿದ್ದವು.

“ಅತ್ತೆ, ಇದು ಸೊಲ್ಯೂಷನ್ ಅಲ್ಲ! ಅವತ್ತು ನಿಮ್ಮ ಬೆರಳು ಹಿಡೀತಲ್ಲ, ಆ ಗಮ್ಮು! ಬೆವರು ಇದ್ದದ್ದಕ್ಕೇ ಅಲ್ವಾ ಅಷ್ಟು ಬೇಗ ಹಿಡಿದಿದ್ದು!”

“ಅವತ್ತೂ ನೀನೇ ಬೇಕಂತ ಮಾಡಿದ್ದು,” ಎಂದಳು ಅತ್ತೆ. “ನಗ್ತಾ ನಿಂತಿದ್ದೆ. ಮರೆತಿಲ್ಲ ನಾನು.”

“ಅಮ್ಮ, ಇವಳು ಮಾಡ್ಸು ಅಂದ್ಮೇಲೆ ಬೇಡವೇ ಬೇಡ,” ಎಂದಳು ಹಾರ್ನ್. “ಏಳು, ಬೇರೆ ಕಡೆ ಹೋಗಿ ಹೊಟ್ಟೆ ತೊಳೆಸೋಣ. ವಿಷ ತೆಗೆಯೋರು ಇದ್ದಾರಂತೆ.”

“ಮಂಚದಿಂದ ಇಳಿಸಿದ್ರೆ ಬಾಗಿಲ ತನಕಾನೂ ಹೋಗಲ್ಲ ಇವರು,” ಎಂದರು ಡಾಕ್ಟರಮ್ಮ.

“ಹೆದರಿಸ್ಬೇಡಿ ನೀವು. ನಾವೂ ನಾಲ್ಕು ಊರು ನೋಡಿದೀವಿ.”

ಮಗಳು ತಾಯಿಯ ತೋಳು ಹಿಡಿದು ಎಳೆದಳು. ಎತ್ತು ಏರಿಗೆ, ಕೋಣ ನೀರಿಗೆ. ಸೊಸೆ ಇನ್ನೊಂದು ತೋಳು ಹಿಡಿದು ಮಂಚಕ್ಕೆ ಒತ್ತಿದಳು. ನಡುವೆ ಗಾಳಿಯಮ್ಮ ಬಿಕ್ಕಳಿಸಿದಳು. ಮತ್ತೆ ರಕ್ತ. ಈ ಸಲ ಹಾರ್ನಿನ ಬಟ್ಟೆಯ ಮೇಲೆ, ಅಳತೆಯ ಟೇಪಿನ ಮೇಲೆ. ಹಾರ್ನ್ ಕೂಗಲು ಬಾಯಿ ತೆರೆದಳು, ಕೂಗು ಮಾತ್ರ ಬರಲಿಲ್ಲ. ನರ್ಸು ಡ್ರಿಪ್ ಜೋರು ಮಾಡಿ ಇನ್ನೊಂದು ರಕ್ತದ ಚೀಲ ತೂಗುಹಾಕಿದಳು. ಡಾಕ್ಟರಮ್ಮ ಮಂಚದ ಗಾಲಿಯ ಬ್ರೇಕು ಕಾಲಲ್ಲೇ ಬಿಚ್ಚಿದರು.

“ಅಮ್ಮ, ಹೂಂ ಅಂತೀರಾ, ಉಹುಂ ಅಂತೀರಾ? ನಿಮ್ಮ ಬಾಯಿಂದ ಬರ್ಬೇಕು. ಬೇಗ.”

ಗಾಳಿಯಮ್ಮ ತುಟಿ ಬಿಗಿದುಕೊಂಡಳು. ಮುಖ ಸುಣ್ಣದ ಗೋಡೆಯಾಗಿತ್ತು, ಹಟ ಮಾತ್ರ ಇಳಿದಿರಲಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿ ಉಪಯೋಗವಿಲ್ಲ, ಕೋಣಕ್ಕೆ ಬಾರುಕೋಲೇ ಬೇಕು ಎಂದು ಸೊಸೆಗೆ ಆ ಗಳಿಗೆಯಲ್ಲಿ ಹೊಳೆಯಿತು. ಅವಳು ಅತ್ತೆಯ ಮುಖದ ಹತ್ತಿರ ಬಗ್ಗಿದಳು.

“ಬೇಡ ಬಿಡಿ ಮೇಡಂ. ಇವರಿಗೆ ಗಮ್ಮಿನ ಭಯ ಅಲ್ಲ. ಒಳಗೆ ನೋಡಿದ್ರೆ ವಿಷ ಇಲ್ಲ ಅಂತ ಗೊತ್ತಾಗಿಬಿಡುತ್ತಲ್ಲ, ಅದರ ಭಯ. ಬೀದಿ ತುಂಬಾ ಕೂಗಿದ್ದಾರೆ. ಸುಳ್ಳಿ ಅನ್ನಿಸ್ಕೊಂಡು ಬದುಕೋದಕ್ಕಿಂತ ಸಾಯೋದೇ ಸಲೀಸು ಇವರಿಗೆ.”

ಗಾಳಿಯಮ್ಮನ ಕಣ್ಣು ಕೆಂಡವಾಯಿತು. ಅಷ್ಟು ರಕ್ತ ಹೋದ ಮೇಲೆ ಕಣ್ಣಿಗೆ ಆ ಕೆಂಪು ಎಲ್ಲಿಂದ ಬಂತೋ.

“ಯಾರೇ ಸುಳ್ಳಿ?”

“ನೀವೇ.”

“ಹಾಕ್ರೀ ಟ್ಯೂಬು!” ಎಂದು ಕಿರುಚಿದಳು ಗಾಳಿಯಮ್ಮ. “ಗಮ್ಮಾದ್ರೂ ಹಾಕಿ, ಗಾರೆಯಾದ್ರೂ ಹಾಕಿ! ಇವಳು ಹಾಕಿದ್ದು ಒಳಗೆ ಸಿಗ್ಲೇಬೇಕು! ಇವಳನ್ನೂ ಒಳಗೆ ಕರ್ಕೊಳ್ಳಿ. ಸಿಕ್ಕಿದ ಕೂಡ್ಲೇ ಮುಖಕ್ಕೆ ಹಿಡೀಬೇಕು!”

“ಹೂಂ ಅಂದ್ರು,” ಎಂದರು ಡಾಕ್ಟರಮ್ಮ, ನರ್ಸಿಗೆ. ಮಂಚ ಹೊರಟಿತು.

ಆ ಕೋಣೆಗೆ ಮನೆಯವರನ್ನು ಬಿಡುವುದಿಲ್ಲ. ಬಿಡದಿದ್ದರೆ ಈಕೆ ಬಾಯಿ ತೆರೆಯುವುದಿಲ್ಲ, ಅಥವಾ ಮುಚ್ಚುವುದಿಲ್ಲ, ಎಂದು ಡಾಕ್ಟರಮ್ಮನಿಗೆ ಅರ್ಥವಾಗಿತ್ತು. ಇಬ್ಬರನ್ನೂ ಬಾಗಿಲ ಒಳಗೆ ಗೋಡೆಗೆ ಒರಗಿಸಿ ನಿಲ್ಲಿಸಿದರು. ಮಿಸುಕಿದರೆ ಹೊರಗೆ, ಎಂದರು.

ಗಾಳಿಯಮ್ಮನನ್ನು ಎಡ ಮಗ್ಗುಲಿಗೆ ಮಲಗಿಸಿದರು. ಗಂಟಲಿಗೆ ಜೋಮು ಹಿಡಿಸುವ ಔಷಧಿ ಸಿಂಪಡಿಸಿದರು. ಹಲ್ಲಿನ ನಡುವೆ ಒಂದು ಪ್ಲಾಸ್ಟಿಕ್ ಬಳೆ ಸಿಕ್ಕಿಸಿದರು, ಟ್ಯೂಬು ಕಚ್ಚದ ಹಾಗೆ. ಅತ್ತೆಯ ಬಾಯಿ ಅಷ್ಟಗಲ ತೆರೆದಿದ್ದೂ ಮಾತೇ ಬಾರದ್ದನ್ನು ಸೊಸೆ ಕಣ್ತುಂಬ ನೋಡಿದಳು. ಇಂಥದೊಂದು ಬಳೆ ಅಂಗಡಿಯಲ್ಲಿ ಸಿಗುತ್ತದೆಯೇ ಎಂದೂ ಒಂದು ಗಳಿಗೆ ಯೋಚಿಸಿದಳು.

ಕಪ್ಪು ಟ್ಯೂಬು ಒಳಗೆ ಹೋಯಿತು. ಗೋಡೆಯ ಟಿವಿಯಲ್ಲಿ ಕೆಂಪು ಸುರಂಗ ಕಂಡಿತು. ಡಾಕ್ಟರಮ್ಮ ಒಳಗೆ ಗಾಳಿ ತುಂಬಿದರು, ಮಡಿಕೆ ಬಿಚ್ಚಿದರೆ ತಾನೇ ಜಾಗ ಕಾಣುವುದು. ಸೊಸೆ ತನಗೇ ಗೊತ್ತಾಗದೆ ತಲೆಯಾಡಿಸಿದಳು. ಗಾಳಿ ತುಂಬದೆ ತೂತು ಹುಡುಕುವವನು ದಡ್ಡ. ಗಾಳಿಯಮ್ಮ ತುಂಬಿದ್ದನ್ನೆಲ್ಲ ಒಂದೇ ತೇಗಿನಲ್ಲಿ ಹೊರಗೆ ಬಿಟ್ಟಳು. ಕಿಟಕಿ ಅದುರಿತು.

“ತೇಗು ತಡ್ಕೊಳ್ಳಿ ಅಮ್ಮ,” ಎಂದಳು ನರ್ಸು. “ಗಾಳಿ ನಿಂತ್ರೇನೇ ಕಾಣೋದು.”

ಒಳಗಿನ ರಕ್ತವನ್ನು ನೀರು ಬಿಟ್ಟು ತೊಳೆದು, ಹೀರಿ ತೆಗೆದು, ಟ್ಯೂಬಿನ ತುದಿಯನ್ನು ಹಾವಿನ ಹೆಡೆಯ ಹಾಗೆ ಹಿಂದಕ್ಕೆ ಬಗ್ಗಿಸಿ ಮೇಲಿನ ಮೂಲೆ ನೋಡಿದರು. ಅಲ್ಲಿತ್ತು ಅದು. ಹರಿದ ಟೈರಿನಿಂದ ಒಳಗಿನ ಟ್ಯೂಬು ಗುಳ್ಳೆಯಾಗಿ ಹೊರಗೆ ಬಂದಿರುತ್ತದಲ್ಲ, ಹಾಗೆ ನೀಲಿಗಟ್ಟಿದ ಗಂಟುಗಳು, ಒಂದರ ಮೇಲೊಂದು. ಒಂದು ಗಂಟಿನ ನೆತ್ತಿಯಿಂದ ರಕ್ತ ಸಣ್ಣ ದಾರದಂತೆ ಚಿಮ್ಮುತ್ತಿತ್ತು. ಅದರ ಸುತ್ತ ಇನ್ನೇನೂ ಇರಲಿಲ್ಲ. ಸುಟ್ಟಿದ್ದಿಲ್ಲ, ಕೊರೆದಿದ್ದಿಲ್ಲ.

“ನೋಡ್ಕೊಂಡ್ರಾ ಇಬ್ಬರೂ?” ಎಂದರು ಡಾಕ್ಟರಮ್ಮ, ತಿರುಗದೆ. “ಇದೇ ನಿಮ್ಮ ವಿಷ.”

ಹಾರ್ನ್ ಟಿವಿಯನ್ನೇ ನೋಡುತ್ತಿದ್ದಳು. ಸೊಸೆ ಹಾರ್ನನ್ನು ನೋಡಿದಳು.

ಗಮ್ಮು ಸಿಡಿದೀತೆಂದು ನರ್ಸು ಕಣ್ಣಿಗೆ ದಪ್ಪ ಕನ್ನಡಕ ಹಾಕಿಕೊಂಡಳು. ಟ್ಯೂಬಿನ ತುದಿಯಿಂದ ಸೂಜಿ ಇಣುಕಿ ಗಂಟಿಗೆ ಚುಚ್ಚಿತು. “ಗಮ್ಮು,” ಎಂದರು ಡಾಕ್ಟರಮ್ಮ. “ಪೂರ್ತಿ. ಈಗ ನೀರು. ತಳ್ಳು, ತಳ್ಳು. ಸೂಜಿ ವಾಪಸ್. ಯಾರೂ ರಕ್ತ ಹೀರುವ ಗುಂಡಿ ಮುಟ್ಬೇಡಿ, ಗಮ್ಮು ಟ್ಯೂಬಿನೊಳಗೆ ಬಂದ್ರೆ ಇದೇ ಮುಚ್ಕೊಂಡುಬಿಡುತ್ತೆ.” ಒಂದು ಕ್ಷಣ ತಡಮಾಡಿದರೂ ಸೂಜಿ ಅಲ್ಲೇ ಅಂಟಿಕೊಂಡುಬಿಡುತ್ತಿತ್ತು. ಚಿಮ್ಮುತ್ತಿದ್ದ ದಾರ ತೊಟ್ಟಿಕ್ಕಿತು, ಆಮೇಲೆ ಅದೂ ಇಲ್ಲ. ಒದ್ದೆಯ ನಡುವೆ, ರಕ್ತದ ನಡುವೆ, ಉಜ್ಜದೆ, ಊದದೆ, ಒಣಗಿಸದೆ ಹಿಡಿದಿತ್ತು! ಸೊಸೆಗೆ ಹೊಟ್ಟೆಕಿಚ್ಚೇ ಆಯಿತು.

ಡಾಕ್ಟರಮ್ಮ ಮೊಂಡು ತುದಿಯಿಂದ ಗಂಟನ್ನು ತಟ್ಟಿ ನೋಡಿದರು. ಮೊದಲು ಬಲೂನಿನಂತೆ ತಗ್ಗುತ್ತಿದ್ದದ್ದು ಈಗ ಕಲ್ಲು. ಪಕ್ಕದ ಗಂಟು ಇನ್ನೂ ಮೆತ್ತಗಿತ್ತು, ಅದಕ್ಕೂ ಹಾಕಿದರು.

ಹೊರಗೆ ಬಂದ ಮೇಲೆ ಹಾರ್ನ್ ಬೆಂಚಿನ ಮೇಲೆ ಕೂತು ರಕ್ತದ ಟೇಪನ್ನು ಸುತ್ತುವುದೂ ಬಿಚ್ಚುವುದೂ ಮಾಡಿದಳು.

“ಅಮ್ಮ ಹೇಳಿದ್ಲು ಅಂತ ನಾನು ಹೇಳ್ದೆ ಅತ್ತಿಗೆ. ನಂಗೇನು ಗೊತ್ತು?”

“ನಿಂಗೆ ಗೊತ್ತಿಲ್ದೇ ಇರೋದನ್ನ ಮೂರು ಸಲ ಹೇಳ್ತೀಯ. ಗೊತ್ತಿದ್ರೆ ಎಷ್ಟು ಸಲ ಹೇಳ್ತಿದ್ಯೋ?”

ಹಾರ್ನ್ ಟೇಪು ಮಡಚಿ ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದಳು. ತಪ್ಪಾಯಿತು ಎನ್ನಲಿಲ್ಲ.

ಗಾಳಿಯಮ್ಮ ಕೆಲವು ದಿನ ವಾರ್ಡಿನಲ್ಲಿದ್ದಳು. ಗಂಟಲು ಕೆರೆದು ಧ್ವನಿ ತುಕ್ಕು ಹಿಡಿದ ಪಂಪಿನಂತಾಗಿತ್ತು. ಸೊಸೆ ಗಂಜಿ ತಂದು ಕೊಟ್ಟಾಗಲೆಲ್ಲ ಪಕ್ಕದ ಮಂಚದವಳಿಗೆ ಒಂದು ಚಮಚ ಕುಡಿಸಿ, ಅವಳು ಸಾಯದ್ದನ್ನು ನೋಡಿ ತಾನು ಕುಡಿಯುತ್ತಿದ್ದಳು. ಬೇಕಂತಲೇ, ಸೊಸೆಯ ಎದುರಿಗೇ.

ಮನೆಗೆ ಕಳಿಸುವ ದಿನ ಡಾಕ್ಟರಮ್ಮ ಹೇಳಿದರು. ಭಾರ ಎತ್ತಬಾರದು, ಮಾತ್ರೆ ಬಿಡಬಾರದು, ಕೆಲವು ವಾರ ಬಿಟ್ಟು ಇನ್ನೊಮ್ಮೆ ಒಳಗೆ ನೋಡಬೇಕು, ಲಿವರ್ ಮೊದಲಿನಂತೆ ಆಗುವುದಿಲ್ಲ.

“ಪ್ಯಾಚು ಹಾಕಿದೀವಿ. ಟ್ಯೂಬು ಹಳೇದೇ,” ಎಂದರು.

“ಅದು ನಂಗೆ ಗೊತ್ತಮ್ಮ,” ಎಂದಳು ಗಾಳಿಯಮ್ಮ, ಮೊದಲ ಸಲ ಮೆತ್ತಗೆ.

ಆಟೋ ಅಂಗಡಿಯ ಮುಂದೆ ನಿಂತಿತು. ಗಾಳಿಯಮ್ಮ ಇಳಿದು ಸ್ಟೂಲಿನ ಕಡೆ ಹೆಜ್ಜೆಯಿಟ್ಟಳು. ಸೊಸೆ ಅಡ್ಡ ನಿಂತಳು. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ತನ್ನ ಸುತ್ತಿಗೆ.

“ಪೆಟ್ರೋಲ್ ಬಂಕಿನ ಪಕ್ಕದ ಟೈರ್ ಅಂಗಡಿಯವರು ಕರೀತಿದ್ದಾರೆ. ನೀವು ಭಾರ ಎತ್ತೋ ಹಾಗಿಲ್ಲ. ಮಗ ರೋಡಲ್ಲಿ. ಮಗಳಿಗೆ ಸೂಜಿ ಬಿಟ್ರೆ ಇನ್ನೊಂದು ಹಿಡಿಯಕ್ಕೆ ಬರಲ್ಲ. ಅವತ್ತು ಎಲ್ಲಿ ನಿಂತು ಕೂಗಿದ್ರೋ ಅಲ್ಲೇ ನಿಂತು ಅದನ್ನ ವಾಪಸ್ ತಗೊಳ್ಳಿ. ಇಲ್ಲಾಂದ್ರೆ ನಾನು ಹೊರಟೆ.”

“ಬೆದರಿಸ್ತೀಯಾ?”

“ಹೂಂ.”

ಗಾಳಿಯಮ್ಮ ಬೀದಿ ನೋಡಿದಳು. ಇಸ್ತ್ರಿಯವಳು ಕೆಂಡ ಕೆದಕುವುದನ್ನು ನಿಲ್ಲಿಸಿದ್ದಳು. ಗಾಡಿ ತಂದಿದ್ದ ಇಬ್ಬರು ಗಿರಾಕಿಗಳು ಗಾಳಿ ಹೋದ ಚಕ್ರದ ಪಕ್ಕದಲ್ಲಿ ಕಿವಿ ಮಾತ್ರ ಮುಂದೆ ಮಾಡಿಕೊಂಡು ನಿಂತಿದ್ದರು. ಗಾಳಿಯಮ್ಮ ತೊಟ್ಟಿಯ ಹತ್ತಿರ ಹೋಗಿ ಅಂಚು ಹಿಡಿದುಕೊಂಡಳು. ಗಂಟಲು ಸರಿಮಾಡಿಕೊಂಡಳು, ಇನ್ನೊಮ್ಮೆ ಸರಿಮಾಡಿಕೊಂಡಳು.

“ಇವಳು ವಿಷ ಹಾಕಿಲ್ಲ,” ಎಂದಳು ತೊಟ್ಟಿಯ ನೀರಿಗೆ.

“ಬೀದಿಗೆ ಹೇಳಿ.”

“ಇವಳು ವಿಷ ಹಾಕಿಲ್ಲ ಕಣ್ರೋ! ಹಾಕಕ್ಕೆ ಧೈರ್ಯ ಬೇಕಲ್ಲ! ಟೀಗೆ ಸಕ್ಕರೆ ಹಾಕಕ್ಕೇ ಕೈ ನಡುಗುತ್ತೆ ಇದಕ್ಕೆ!”

ಗಿರಾಕಿಗಳು ನಕ್ಕರು. ಸೊಸೆ ನಗಲಿಲ್ಲ, ಚೀಲವನ್ನೂ ಇಳಿಸಲಿಲ್ಲ.

“ಸಕ್ಕರೆ ಬೇಡ. ಮೊದಲಿನದು ಸಾಕು. ಅವತ್ತಿನಷ್ಟೇ ಜೋರಾಗಿ.”

“ಇನ್ನೆಷ್ಟು ಜೋರಾಗಿ ಕೂಗ್ಲೇ? ಪ್ಯಾಚು ಕಿತ್ಕೊಂಡು ಬರುತ್ತೆ!”

“ಬರಲ್ಲ. ತಟ್ಟಿ ನೋಡಿದ್ದಾರೆ. ನಾನೇ ಕಣ್ಣಾರೆ ನೋಡಿದೀನಿ.”

ಗಾಳಿಯಮ್ಮ ಅವಳನ್ನು ದುರುಗುಟ್ಟಿ ನೋಡಿದಳು. ಆಮೇಲೆ ತೊಟ್ಟಿ ಬಿಟ್ಟು ರಸ್ತೆಯ ಅಂಚಿಗೆ ಹೋಗಿ ನಿಂತು, ಎದೆ ತುಂಬ ಗಾಳಿ ಎಳೆದುಕೊಂಡು ಕೂಗಿದಳು. ಬೀದಿಯ ಆ ತುದಿಯ ಮನೆಯಲ್ಲಿ ಯಾರೋ ಕಿಟಕಿ ತೆರೆದರು.

ಸೊಸೆ ಚೀಲವನ್ನು ಒಳಗೆಸೆದು, ಸ್ಟೂಲನ್ನು ತನ್ನ ಕಡೆ ಎಳೆದುಕೊಂಡು ಕೂತಳು.

“ಯಾರದ್ರೀ ಮೊದಲು ಬಂದಿದ್ದು?” ಎಂದು ಗಿರಾಕಿಗಳನ್ನು ಕೇಳಿದಳು.